ತಂತ್ರಾಂಶ ಅಳವಡಿಸುವಾಗ ಡೇಟಾಬೇಸ್ ಸಂಪರ್ಕವನ್ನು ಹೊಂದಿಸುವುದು: ಕೊಡಗಿನ ಸಣ್ಣ ಕಚೇರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ತೋಟದ ಲೆಕ್ಕಪತ್ರ, ಹೋಮ್‌ಸ್ಟೇ ಕಾಯ್ದಿರಿಸುವಿಕೆ, ಕಾಲೇಜು ಗ್ರಂಥಾಲಯದ ಪುಸ್ತಕಪಟ್ಟಿ, ಸಹಕಾರ ಸಂಘದ ಸದಸ್ಯರ ದಾಖಲೆ ಇವುಗಳಲ್ಲಿ ಯಾವುದಕ್ಕಾಗಿ ತಂತ್ರಾಂಶ ಅಳವಡಿಸಲು ಹೊರಟರೂ ಒಂದು ಹಂತದಲ್ಲಿ ಐದಾರು ಖಾಲಿ ಚೌಕಗಳಿರುವ ಪುಟವೊಂದು ಎದುರಾಗುತ್ತದೆ: ಹೋಸ್ಟ್ (ಡೇಟಾಬೇಸ್ ಇರುವ ಗಣಕ), ಪೋರ್ಟ್ (ಆ ಗಣಕದಲ್ಲಿ ಡೇಟಾಬೇಸಿನ ಬಾಗಿಲ ಸಂಖ್ಯೆ), ಡೇಟಾಬೇಸ್ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್, ಟೇಬಲ್ ಪ್ರಿಫಿಕ್ಸ್ (ಟೇಬಲ್ ಹೆಸರುಗಳ ಮೊದಲಿಗೆ ಸೇರುವ ಗುರುತು). ಹೆಚ್ಚಿನ ಅಳವಡಿಕೆಗಳು ನಿಂತುಹೋಗುವುದು ಇದೇ ಪುಟದಲ್ಲಿ. ಹತ್ತು ಬಗೆಯ ದೋಷಗಳಿಗೂ ಈ ಪುಟ ಕೊಡುವ ಉತ್ತರ ಒಂದೇ ಆಗಿರುತ್ತದೆ: ‘ಡೇಟಾಬೇಸ್ ಸಂಪರ್ಕ ಸಾಧ್ಯವಾಗಲಿಲ್ಲ’. ಆದ್ದರಿಂದ ಸಂಪರ್ಕವನ್ನು ಪರೀಕ್ಷಿಸುವುದಕ್ಕೆ ಅಳವಡಿಕೆಯ ಪುಟವನ್ನು ಬಳಸಲೇಬಾರದು ಎಂಬುದು ಈ ಬರಹದ ಮುಖ್ಯ ಮಾತು. ಅಲ್ಲಿ ತುಂಬಬೇಕಾದ ಪ್ರತಿಯೊಂದು ಮೌಲ್ಯವೂ ಆ ಪುಟವನ್ನು ತೆರೆಯುವ ಮೊದಲೇ, ಬೇರೊಂದು ದಾರಿಯಿಂದ, ಕೆಲಸ ಮಾಡುತ್ತದೆಯೆಂದು ಖಚಿತವಾಗಿರಬೇಕು.

ಉದಾಹರಣೆಗಾಗಿ ಗೋಣಿಕೊಪ್ಪಲಿನ ಕಡೆಯ ಒಂದು ಕಾಫಿ ತೋಟದ ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಡೆಬಿಯನ್ ಅಥವಾ ಉಬುಂಟು ಇರುವ ಒಂದು ಸರ್ವರ್ ಗಣಕ, ಅದರಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶ, ಬ್ರೌಸರಿನಲ್ಲಿ ತೆರೆಯುವ ಪಿಎಚ್‌ಪಿ ಆಧಾರಿತ ಲೆಕ್ಕದ ತಂತ್ರಾಂಶ, ಕಚೇರಿಯಲ್ಲಿ ಎರಡು ಗಣಕ ಮತ್ತು ಪಲ್ಪಿಂಗ್ ಶೆಡ್ಡಿನಲ್ಲಿ ಒಂದು ಗಣಕ ಇವೆ. ಕೆಳಗೆ ಬರುವ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಣೆಯಂತೆ ಬರೆಯಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪಿಸಬೇಕು. ಡೇಟಾಬೇಸಿನ ಹೆಸರು ಮತ್ತು ಬಳಕೆದಾರನ ಹೆಸರನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಇಡುವುದು ಕ್ಷೇಮ. ಟೇಬಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನು ಲಿನಕ್ಸ್ ಗಣನೆಗೆ ತೆಗೆದುಕೊಳ್ಳುತ್ತದೆ, ವಿಂಡೋಸ್ ತೆಗೆದುಕೊಳ್ಳುವುದಿಲ್ಲ; ವಿಂಡೋಸಿನ ಝ್ಯಾಂಪ್‌ನಲ್ಲಿ (ವೆಬ್ ಸರ್ವರ್ ಮತ್ತು ಡೇಟಾಬೇಸನ್ನು ಒಟ್ಟಿಗೆ ಕೊಡುವ ಕಟ್ಟಿನಲ್ಲಿ) ಚೆನ್ನಾಗಿ ನಡೆಯುತ್ತಿದ್ದ ತಂತ್ರಾಂಶ ಲಿನಕ್ಸ್ ಸರ್ವರಿಗೆ ಸ್ಥಳಾಂತರಗೊಂಡ ಕೂಡಲೇ ‘ಟೇಬಲ್ ಇಲ್ಲ’ ಎನ್ನುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಯಾವ ಡೇಟಾಬೇಸ್, ಎಲ್ಲಿ

ಮೊದಲು ತಂತ್ರಾಂಶದ ಕೈಪಿಡಿಯಲ್ಲಿ ಯಾವ ಡೇಟಾಬೇಸ್, ಯಾವ ಆವೃತ್ತಿ ಬೇಕೆಂದು ಹೇಳಿದೆ ಎಂಬುದನ್ನು ಓದಿಕೊಳ್ಳಬೇಕು. 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿಯನ್ನು ಅದರ ಬದಲಿಗೆ ಬಳಸಬಹುದೆಂಬ ಮಾತು ಬಹುಮಟ್ಟಿಗೆ ನಿಜವಾದರೂ ಪೂರ್ತಿ ನಿಜವಲ್ಲ. ಆನ್‌ಲೈನ್ ಪಾಠಗಳಿಗೆ ಬಳಸುವ ಮೂಡಲ್‌ನಂಥ ತಂತ್ರಾಂಶ ಇವೆರಡನ್ನೂ ಬೇರೆ ಬೇರೆ ಡ್ರೈವರ್‌ಗಳೆಂದೇ (ಡೇಟಾಬೇಸಿನೊಡನೆ ಮಾತಾಡುವ ಕೊಂಡಿಗಳೆಂದೇ) ಪರಿಗಣಿಸುತ್ತದೆ. ಮರಿಯಾಡಿಬಿ ಇರುವಲ್ಲಿ ಮೈಎಸ್‌ಕ್ಯೂಎಲ್ ಡ್ರೈವರನ್ನು ಆರಿಸಿದರೆ ಅಳವಡಿಕೆ ಅಲ್ಲೇ ತಕರಾರು ತೆಗೆಯುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ತೆಗೆದ ಬ್ಯಾಕಪ್ಪನ್ನು ಹಳೆಯ ಮರಿಯಾಡಿಬಿಗೆ ತುಂಬಲು ಹೋದಾಗ ‘ಯುಟಿಎಫ್8ಎಂಬಿ4_0900_ಎಐ_ಸಿಐ’ ಎಂಬ ಕೊಲೇಶನ್ (ಅಕ್ಷರಗಳನ್ನು ಹೋಲಿಸಿ ಸಾಲಾಗಿಸುವ ನಿಯಮ) ಗೊತ್ತಿಲ್ಲವೆಂಬ ದೋಷ ಬರುವುದೂ ಇದೇ ಕವಲಿನ ಫಲ.

ಎರಡನೆಯ ಪ್ರಶ್ನೆ ಡೇಟಾಬೇಸ್ ಎಲ್ಲಿರಬೇಕು ಎಂಬುದು. ತಂತ್ರಾಂಶ ಕಚೇರಿಯಲ್ಲಿ, ಡೇಟಾಬೇಸ್ ಮುಂಬೈಯ ಯಾವುದೋ ಕ್ಲೌಡ್‌ನಲ್ಲಿ ಎಂಬ ಏರ್ಪಾಡನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಲೆಕ್ಕದ ಒಂದು ಪುಟ ತೆರೆದುಕೊಳ್ಳಲು 60 ಪ್ರಶ್ನೆಗಳು ಒಂದರ ನಂತರ ಒಂದರಂತೆ ಡೇಟಾಬೇಸಿಗೆ ಹೋಗುತ್ತವೆ ಮತ್ತು ಪ್ರತಿಯೊಂದು ಪ್ರಶ್ನೆ ಹೋಗಿ ಬರಲು 50 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಬೇರೇನೂ ಕೆಲಸ ನಡೆಯುವ ಮೊದಲೇ ಮೂರು ಸೆಕೆಂಡ್ ಕಳೆದಿರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ತಂತಿ ತುಂಡಾದ ದಿನಗಳಲ್ಲಂತೂ ಪುಟ ತೆರೆಯುವ ಪ್ರಶ್ನೆಯೇ ಇಲ್ಲ. ತಂತ್ರಾಂಶ ಮತ್ತು ಡೇಟಾಬೇಸ್ ಎರಡೂ ಕಚೇರಿಯಲ್ಲಿರಲಿ ಅಥವಾ ಎರಡೂ ಕ್ಲೌಡ್‌ನಲ್ಲಿರಲಿ. ಅವುಗಳ ನಡುವೆ ಕೊಡಗಿನ ಇಂಟರ್ನೆಟ್ ತಂತಿ ಇರಬಾರದು. ಬ್ಯಾಕಪ್ ಮಾತ್ರ ಬೇರೆ ಊರಿನಲ್ಲಿರಬಹುದು, ಇರಬೇಕು ಕೂಡ.

ಡೇಟಾಬೇಸ್ ಮತ್ತು ಬಳಕೆದಾರನನ್ನು ಸೃಷ್ಟಿಸುವುದು

ಅನೇಕ ತಂತ್ರಾಂಶಗಳು ‘ರೂಟ್ ಪಾಸ್‌ವರ್ಡ್ ಕೊಡಿ, ಉಳಿದದ್ದನ್ನು ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತವೆ (ರೂಟ್ ಎಂದರೆ ಎಲ್ಲ ಅಧಿಕಾರಗಳಿರುವ ಬಳಕೆದಾರ). ಇದಕ್ಕೆ ಒಪ್ಪಬಾರದು. ಒಂದು ತಂತ್ರಾಂಶದಲ್ಲಿ ಬಿರುಕಿದ್ದರೆ ಅದೇ ಸರ್ವರಿನಲ್ಲಿರುವ ಎಲ್ಲ ಡೇಟಾಬೇಸುಗಳೂ ಅದರಿಂದ ತೆರೆದುಕೊಳ್ಳುತ್ತವೆ ಎಂಬುದು ಒಂದು ಕಾರಣ. ಮತ್ತೊಂದು ಕಾರಣ ತೀರ ವ್ಯಾವಹಾರಿಕವಾದದ್ದು: ಮರಿಯಾಡಿಬಿ 10.4ರಿಂದೀಚೆಗೆ ರೂಟ್ ಬಳಕೆದಾರ ಪಾಸ್‌ವರ್ಡಿನ ಬದಲು ಯುನಿಕ್ಸ್ ಸಾಕೆಟ್ ಮೂಲಕ, ಅಂದರೆ ಆ ಗಣಕದ ಆಡಳಿತಾಧಿಕಾರಿಯಾಗಿ ಒಳಗಿದ್ದಾಗ ಮಾತ್ರ, ಪ್ರವೇಶ ಪಡೆಯುವಂತೆ ಹೊಂದಿಸಲಾಗಿರುತ್ತದೆ. ಹಾಗಾಗಿ ಅಳವಡಿಕೆಯ ಪುಟದಲ್ಲಿ ರೂಟ್ ಎಂದು ಬರೆದು ಯಾವ ಪಾಸ್‌ವರ್ಡ್ ಕೊಟ್ಟರೂ ಅದು ಒಳಗೆ ಬಿಡುವುದಿಲ್ಲ.

ಸರ್ವರಿನ ಟರ್ಮಿನಲ್‌ನಲ್ಲಿ ‘ಸುಡೋ ಮರಿಯಾಡಿಬಿ’ ಎಂದು ಟೈಪಿಸಿ ಒಳಹೊಕ್ಕು, ಮೊದಲಿಗೆ ಖಾಲಿ ಡೇಟಾಬೇಸನ್ನು ಸೃಷ್ಟಿಸಬೇಕು:

ಕ್ರಿಯೇಟ್ ಡೇಟಾಬೇಸ್ ತೋಟಲೆಕ್ಕ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಕೊಲೇಟ್ ಯುಟಿಎಫ್8ಎಂಬಿ4_ಯೂನಿಕೋಡ್_ಸಿಐ;

ಅಕ್ಷರ ವ್ಯವಸ್ಥೆಯನ್ನು ಇಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಸರ್ವರಿನ ಪೂರ್ವನಿಯೋಜಿತ ವ್ಯವಸ್ಥೆಗೆ ಬಿಟ್ಟರೆ ಹಳೆಯ ಆವೃತ್ತಿಗಳಲ್ಲಿ ಅದು ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1 ಆಗಿರುವುದುಂಟು. ತಂತ್ರಾಂಶದ ಕೈಪಿಡಿ ಬೇರೆ ಕೊಲೇಶನ್ ಹೇಳಿದ್ದರೆ ಅದನ್ನೇ ಪಾಲಿಸಬೇಕು. ನಂತರ ಬಳಕೆದಾರ:

ಕ್ರಿಯೇಟ್ ಯೂಸರ್ 'ಲೆಕ್ಕಿಗ'@'ಲೋಕಲ್‌ಹೋಸ್ಟ್' ಐಡೆಂಟಿಫೈಡ್ ಬೈ 'ಪಾಸ್‌ವರ್ಡ್';

ಗ್ರಾಂಟ್ ಆಲ್ ಪ್ರಿವಿಲೆಜಸ್ ಆನ್ ತೋಟಲೆಕ್ಕ.* ಟು 'ಲೆಕ್ಕಿಗ'@'ಲೋಕಲ್‌ಹೋಸ್ಟ್';

ಈ ಎರಡರ ನಂತರ ‘ಫ್ಲಶ್ ಪ್ರಿವಿಲೆಜಸ್’ ಎಂಬ ಆದೇಶವನ್ನು ಮಂತ್ರದಂತೆ ಸೇರಿಸುವ ರೂಢಿ ಎಲ್ಲೆಡೆ ಇದೆ. ಅನುಮತಿಯ ಟೇಬಲ್‌ಗಳನ್ನು ನೇರವಾಗಿ ತಿದ್ದಿದಾಗ ಮಾತ್ರ ಅದು ಬೇಕಾಗುತ್ತದೆ. ಇಲ್ಲಿ ಬೇಡ, ಹಾಕಿದರೆ ತೊಂದರೆಯೂ ಇಲ್ಲ. ಗಮನಿಸಬೇಕಾದದ್ದು ಬೇರೊಂದಿದೆ. ಗ್ರಾಂಟ್ ಆದೇಶದಲ್ಲಿ ಡೇಟಾಬೇಸಿನ ಹೆಸರಿನೊಳಗೆ ಬರುವ ಅಡಿಗೆರೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥ ಕೊಡುತ್ತದೆ. ‘ತೋಟ_ಲೆಕ್ಕ’ ಎಂಬ ಹೆಸರಿಗೆ ಅನುಮತಿ ಕೊಟ್ಟರೆ, ಅಡಿಗೆರೆಯ ಸ್ಥಾನದಲ್ಲಿ ಬೇರೆ ಅಕ್ಷರವಿರುವ ಡೇಟಾಬೇಸಿಗೂ ಅದು ಅನ್ವಯಿಸುತ್ತದೆ. ಅಡಿಗೆರೆ ಬೇಕೇ ಬೇಕೆಂದಿದ್ದರೆ ಅದಕ್ಕಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಡೀ ಹೆಸರನ್ನು ಬ್ಯಾಕ್‌ಟಿಕ್ ಚಿಹ್ನೆಗಳ ನಡುವೆ ಬರೆಯಬೇಕು.

ಹಂಚಿಕೆಯ ಹೋಸ್ಟಿಂಗ್ ಬಳಸುವವರು ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟದಲ್ಲಿ ಇದೇ ಮೂರು ಕೆಲಸಗಳನ್ನು ಗುಂಡಿ ಒತ್ತಿ ಮಾಡುತ್ತಾರೆ. ಡೇಟಾಬೇಸಿಗೂ ಬಳಕೆದಾರನಿಗೂ ಖಾತೆಯ ಹೆಸರು ಮೊದಲಿಗೆ ಅಂಟಿಕೊಳ್ಳುವುದರಿಂದ, ಅಳವಡಿಕೆಯ ಪುಟದಲ್ಲಿ ಆ ಪೂರ್ಣ ಹೆಸರನ್ನೇ ಬರೆಯಬೇಕು. ಬಳಕೆದಾರನನ್ನು ಡೇಟಾಬೇಸಿಗೆ ಸೇರಿಸುವುದು ಅಲ್ಲಿ ಪ್ರತ್ಯೇಕವಾದ ಮೂರನೆಯ ಹೆಜ್ಜೆ. ಅದನ್ನು ಮರೆತವರೇ ಹೆಚ್ಚು.

ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ಬಳಸುವುದಾದರೆ ಬಳಕೆದಾರನನ್ನು ಮೊದಲು ಸೃಷ್ಟಿಸಿ, ಅವನನ್ನೇ ಒಡೆಯನನ್ನಾಗಿಸಿ ಡೇಟಾಬೇಸನ್ನು ಸೃಷ್ಟಿಸುವುದು ಲೇಸು. 2022ರಲ್ಲಿ ಬಂದ 15ನೆಯ ಆವೃತ್ತಿಯಿಂದ ‘ಪಬ್ಲಿಕ್’ ಸ್ಕೀಮಾದಲ್ಲಿ (ಟೇಬಲ್‌ಗಳನ್ನು ಇಡುವ ವಿಭಾಗದಲ್ಲಿ) ಟೇಬಲ್ ಸೃಷ್ಟಿಸುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಹಳೆಯ ಸೂಚನೆಗಳಂತೆ ಅನುಮತಿ ಮಾತ್ರ ಕೊಟ್ಟವರಿಗೆ ಸಂಪರ್ಕ ಸಿಕ್ಕಿದರೂ ಮೊದಲ ಟೇಬಲ್ಲಿನಲ್ಲೇ ಅಳವಡಿಕೆ ನಿಂತುಬಿಡುತ್ತದೆ.

ಹೆಸರು ಒಂದೇ, ಬಳಕೆದಾರರು ಇಬ್ಬರು

ಕೊಡಗಿನಲ್ಲಿ ಪೊನ್ನಪ್ಪ ಎಂದಷ್ಟೇ ಹೇಳಿದರೆ ಯಾವ ಪೊನ್ನಪ್ಪ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಒಕ್ಕದ, ಅಂದರೆ ಮನೆತನದ, ಹೆಸರು ಸೇರಿದ ಮೇಲೆಯೇ ಗುರುತು ಪೂರ್ಣವಾಗುವುದು. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿಗಳಲ್ಲಿ ಬಳಕೆದಾರನ ಗುರುತೂ ಹೀಗೆಯೇ ಎರಡು ಭಾಗಗಳಿಂದ ಕೂಡಿದೆ: ಹೆಸರು ಮತ್ತು ಅವನು ಎಲ್ಲಿಂದ ಬರುತ್ತಿದ್ದಾನೆ ಎಂಬುದು. 'ಲೆಕ್ಕಿಗ'@'ಲೋಕಲ್‌ಹೋಸ್ಟ್' ಮತ್ತು 'ಲೆಕ್ಕಿಗ'@'192.168.1.%' ಎಂಬಿಬ್ಬರಿಗೆ ಪಾಸ್‌ವರ್ಡ್ ಬೇರೆ ಇರಬಹುದು, ಅನುಮತಿಗಳು ಬೇರೆ ಇರಬಹುದು. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಸಲ್ಲುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಪ್ರವೇಶ ನಿರಾಕರಣೆಯಾಗುವ ಪ್ರಕರಣಗಳಲ್ಲಿ ಬಹುಪಾಲು ಈ ಎರಡನೆಯ ಭಾಗವನ್ನು ಕಡೆಗಣಿಸಿದ್ದರಿಂದ ಹುಟ್ಟಿದವು. ಹಳೆಯ ಸರ್ವರುಗಳಲ್ಲಿ ಹೆಸರೇ ಇಲ್ಲದ ಅನಾಮಧೇಯ ಬಳಕೆದಾರನೊಬ್ಬ ಲೋಕಲ್‌ಹೋಸ್ಟ್‌ನಲ್ಲಿ ಕುಳಿತಿದ್ದು, ‘ಎಲ್ಲಿಂದಲಾದರೂ’ ಎಂಬ ಶೇಕಡಾ ಚಿಹ್ನೆಯ ಬಳಕೆದಾರನಿಗಿಂತ ಮುಂಚೆ ಹೊಂದಿಕೆಯಾಗಿ ದಾರಿ ತಪ್ಪಿಸುವುದೂ ಇದೆ, ಅವನನ್ನು ಅಳಿಸಿಬಿಡಬೇಕು.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಸೂಕ್ಷ್ಮವಿದೆ. ಲೋಕಲ್‌ಹೋಸ್ಟ್ ಮತ್ತು 127.0.0.1 ಎರಡೂ ‘ಇದೇ ಗಣಕ’ ಎಂಬ ಅರ್ಥದವೇ ಆದರೂ ಲಿನಕ್ಸಿನಲ್ಲಿ ಅವು ಬೇರೆ ಬೇರೆ ದಾರಿಗಳು. ಲೋಕಲ್‌ಹೋಸ್ಟ್ ಎಂದರೆ ಸಂಪರ್ಕ ಗಣಕದ ಒಳಗೇ ಇರುವ ಯುನಿಕ್ಸ್ ಸಾಕೆಟ್ ಕಡತದ ಮೂಲಕ ಹೋಗುತ್ತದೆ. ಆಗ ಪೋರ್ಟ್ ಚೌಕದಲ್ಲಿ ಏನು ಬರೆದರೂ ಅದಕ್ಕೆ ಬೆಲೆಯಿಲ್ಲ. 127.0.0.1 ಎಂದರೆ ಟಿಸಿಪಿ (ಜಾಲದ ದಾರಿ) ಮೂಲಕ, 3306 ಅಥವಾ ನೀವು ಹೇಳಿದ ಪೋರ್ಟಿಗೆ ಹೋಗುತ್ತದೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ಪ್ರಯತ್ನಿಸಿ ನೋಡುವುದು ಕುರುಡು ಪ್ರಯೋಗವಲ್ಲ. ಎರಡರ ಫಲಿತಾಂಶ ಬೇರೆಯಾದರೆ ದೋಷ ಯಾವ ದಾರಿಯಲ್ಲಿದೆ ಎಂಬುದು ತಿಳಿಯುತ್ತದೆ.

ಅಳವಡಿಕೆಗೆ ಮೊದಲು ಪರೀಕ್ಷೆ

ಈಗ ರೂಟ್ ಅಧಿವೇಶನದಿಂದ ಹೊರಬಂದು, ತಂತ್ರಾಂಶ ಓಡುವ ಅದೇ ಗಣಕದಿಂದ, ಅದು ಬಳಸಲಿರುವ ಅದೇ ಮೌಲ್ಯಗಳಿಂದ ಸಂಪರ್ಕಿಸಬೇಕು:

ಮರಿಯಾಡಿಬಿ -ಎಚ್ 127.0.0.1 -ಪಿ 3306 -ಯು ಲೆಕ್ಕಿಗ -ಪಿ ತೋಟಲೆಕ್ಕ

ಪೋರ್ಟಿನ ‘ಪಿ’ ದೊಡ್ಡಕ್ಷರ, ಪಾಸ್‌ವರ್ಡಿನ ‘ಪಿ’ ಸಣ್ಣಕ್ಷರ. ಪಾಸ್‌ವರ್ಡನ್ನು ಆದೇಶದ ಸಾಲಿನಲ್ಲೇ ಬರೆಯದೆ, ಕೇಳಿದಾಗ ಟೈಪಿಸಬೇಕು. ಇಲ್ಲವಾದರೆ ಅದು ಟರ್ಮಿನಲ್ಲಿನ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಒಳಹೊಕ್ಕ ಮೇಲೆ ಒಂದು ಚಿಕ್ಕ ಟೇಬಲ್ ಸೃಷ್ಟಿಸಿ, ಒಂದು ಸಾಲು ಸೇರಿಸಿ, ಓದಿ, ಟೇಬಲ್ಲನ್ನು ಅಳಿಸಬೇಕು. ಇವಿಷ್ಟೂ ನಡೆದರೆ ಸಂಪರ್ಕವೂ ಇದೆ, ಅನುಮತಿಯೂ ಇದೆ.

ನಡೆಯದಿದ್ದರೆ ಬರುವ ದೋಷಸಂಖ್ಯೆಯನ್ನು ಓದಿಕೊಳ್ಳಬೇಕು. ಇಲ್ಲಿ ಅವಸರ ಬೇಡ. ಅಳವಡಿಕೆಯ ಪುಟ ಮುಚ್ಚಿಡುವುದನ್ನೆಲ್ಲ ಈ ಸಂಖ್ಯೆಗಳು ಬಿಚ್ಚಿ ಹೇಳುತ್ತವೆ. 2002 ಎಂದರೆ ಸಾಮಾನ್ಯವಾಗಿ ಸಾಕೆಟ್ ಮೂಲಕ ಸರ್ವರ್ ಸಿಗಲಿಲ್ಲ. ಜೊತೆಯಲ್ಲಿ ಆವರಣದೊಳಗೆ 2 ಇದ್ದರೆ ಸಾಕೆಟ್ ಕಡತವೇ ಇಲ್ಲ, ಅಂದರೆ ಸೇವೆ ನಿಂತಿದೆ ಅಥವಾ ಕಡತ ಬೇರೆ ಜಾಗದಲ್ಲಿದೆ. 13 ಇದ್ದರೆ ಕಡತವಿದೆ, ಮುಟ್ಟುವ ಅನುಮತಿಯಿಲ್ಲ. 2003 ಎಂದರೆ ಟಿಸಿಪಿ ಮೂಲಕ ಸಿಗಲಿಲ್ಲ. 111 ಎಂದಿದ್ದರೆ ಗಣಕ ಉತ್ತರಿಸಿದೆ, ಆದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟವರು ಯಾರೂ ಇಲ್ಲ. 110 ಎಂದಿದ್ದರೆ ಉತ್ತರವೇ ಬಂದಿಲ್ಲ, ಅಂದರೆ ಫೈರ್‌ವಾಲ್ (ಜಾಲದ ಕಾವಲು) ನುಂಗಿದೆ ಅಥವಾ ಗಣಕ ಆ ವಿಳಾಸದಲ್ಲಿ ಇಲ್ಲ. ವಿಂಡೋಸಿನಲ್ಲಿ ಇವೇ ಎರಡು ಸ್ಥಿತಿಗಳು 10061 ಮತ್ತು 10060 ಎಂಬ ಸಂಖ್ಯೆಗಳಾಗಿ ಕಾಣುತ್ತವೆ. 2005 ಬಂದರೆ ಹೋಸ್ಟಿನ ಹೆಸರನ್ನು ತಪ್ಪಾಗಿ ಬರೆದಿದೆ ಅಥವಾ ಆ ಹೆಸರಿಗೆ ವಿಳಾಸ ಸಿಕ್ಕಿಲ್ಲ.

ಸರ್ವರ್ ತಲುಪಿದ ಮೇಲಿನ ದೋಷಗಳು 1000ದ ಸಾಲಿನವು. 1130 ಬಂದರೆ ಬೇಸರಪಡಬೇಕಾಗಿಲ್ಲ: ಜಾಲ, ಫೈರ್‌ವಾಲ್, ಸೇವೆ ಎಲ್ಲವೂ ಸರಿಯಿವೆ, ಆ ವಿಳಾಸದಿಂದ ಬರುವ ಬಳಕೆದಾರನನ್ನು ಸೃಷ್ಟಿಸಿಲ್ಲ ಅಷ್ಟೆ. 1045 ಎಂದರೆ ಹೆಸರು, ಸ್ಥಳ ಅಥವಾ ಪಾಸ್‌ವರ್ಡ್ ತಾಳೆಯಾಗಲಿಲ್ಲ. ಆ ಸಂದೇಶದ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್’ ಎಂಬ ಮಾತಿನ ಮುಂದೆ ‘ನೋ’ ಎಂದಿದ್ದರೆ ಪಾಸ್‌ವರ್ಡ್ ತಪ್ಪಲ್ಲ, ಅದನ್ನು ಕಳುಹಿಸಿಯೇ ಇಲ್ಲ. ತಂತ್ರಾಂಶ ಸಂರಚನಾ ಕಡತವನ್ನು ಓದಿಲ್ಲ ಅಥವಾ ಬೇರೆ ಕಡತವನ್ನು ಓದುತ್ತಿದೆ. 1049 ಎಂದರೆ ಆ ಹೆಸರಿನ ಡೇಟಾಬೇಸ್ ಇಲ್ಲ. 1044 ಎಂದರೆ ಬಳಕೆದಾರ ಸರಿ, ಆ ಡೇಟಾಬೇಸಿಗೆ ಅನುಮತಿ ಇಲ್ಲ. 1129 ಬಂದರೆ ಒಂದೇ ಗಣಕದಿಂದ ಅರೆಬರೆ ಸಂಪರ್ಕಗಳು ಮಿತಿಮೀರಿದ್ದರಿಂದ ಸರ್ವರ್ ಆ ಗಣಕಕ್ಕೆ ಬಾಗಿಲು ಹಾಕಿದೆ. ಮರಿಯಾಡಿಬಿಯಲ್ಲಿ ‘ಫ್ಲಶ್ ಹೋಸ್ಟ್ಸ್’ ಆದೇಶದಿಂದ ತೆರೆಯಬಹುದು.

ಹಳೆಯ ತಂತ್ರಾಂಶವನ್ನು ಹೊಸ ಮೈಎಸ್‌ಕ್ಯೂಎಲ್‌ಗೆ ಜೋಡಿಸುವವರಿಗೆ ಬೇರೊಂದು ತೊಡಕಿದೆ. 2018ರ 8.0 ಆವೃತ್ತಿಯಿಂದ ಪಾಸ್‌ವರ್ಡ್ ಪರಿಶೀಲನೆಯ ಪೂರ್ವನಿಯೋಜಿತ ವಿಧಾನ ‘ಕ್ಯಾಶಿಂಗ್_ಶಾ2_ಪಾಸ್‌ವರ್ಡ್’ ಆಯಿತು. ಹಳೆಯ ಡ್ರೈವರುಗಳಿಗೆ ಅದು ಅರ್ಥವಾಗುವುದಿಲ್ಲ. ಬಳಕೆದಾರನನ್ನು ಹಳೆಯ ವಿಧಾನಕ್ಕೆ ಇಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆಯಾದರೂ 8.4ರಲ್ಲಿ ಆ ವಿಧಾನ ತಾನಾಗಿ ಚಾಲ್ತಿಯಲ್ಲಿರುವುದಿಲ್ಲ, 9.0ರಲ್ಲಿ ತೆಗೆದೇಹಾಕಲಾಗಿದೆ. ಡ್ರೈವರನ್ನು ಮೇಲ್ದರ್ಜೆಗೇರಿಸುವುದೇ ಸರಿಯಾದ ದಾರಿ. ಡ್ರೈವರ್ ಇದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಬೇಕು: ಪಿಎಚ್‌ಪಿಯಲ್ಲಿ ‘ಪಿಎಚ್‌ಪಿ -ಎಂ’ ಆದೇಶ ಕೊಡುವ ಪಟ್ಟಿಯಲ್ಲಿ ‘ಮೈಎಸ್‌ಕ್ಯೂಎಲ್‌ಐ’ ಮತ್ತು ‘ಪಿಡಿಒ_ಮೈಎಸ್‌ಕ್ಯೂಎಲ್’ ಕಾಣಬೇಕು.

ಚೌಕಗಳನ್ನು ತುಂಬುವುದು

ಇಷ್ಟಾದ ಮೇಲೆ ಅಳವಡಿಕೆಯ ಪುಟದಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಮೌಲ್ಯಗಳನ್ನೇ ಬರೆಯಬೇಕು. ಪೋರ್ಟಿಗೆ ಪ್ರತ್ಯೇಕ ಚೌಕವಿಲ್ಲದಿದ್ದರೆ, ವರ್ಡ್‌ಪ್ರೆಸ್‌ನಲ್ಲಿರುವಂತೆ, ಹೋಸ್ಟಿನ ಮುಂದೆ ವಿವರಣ ಚಿಹ್ನೆ ಹಾಕಿ 127.0.0.1:3307 ಎಂದು ಬರೆಯಬಹುದು. ಪ್ರಿಫಿಕ್ಸ್ ಒಂದೇ ಡೇಟಾಬೇಸಿನಲ್ಲಿ ಎರಡು ತಂತ್ರಾಂಶಗಳಿದ್ದಾಗ ಮಾತ್ರ ಅನಿವಾರ್ಯ. ಪ್ರತಿಯೊಂದಕ್ಕೂ ಬೇರೆ ಡೇಟಾಬೇಸ್ ಕೊಡುವುದು ಅದಕ್ಕಿಂತ ಒಳ್ಳೆಯ ಪದ್ಧತಿ.

ಪಾಸ್‌ವರ್ಡ್ ಮಾತ್ರ ಇಲ್ಲಿ ಮತ್ತೆ ತಲೆಯೆತ್ತಬಹುದು. ಟರ್ಮಿನಲ್‌ನಲ್ಲಿ ಕೆಲಸ ಮಾಡಿದ ಪಾಸ್‌ವರ್ಡ್ ಸಂರಚನಾ ಕಡತದಲ್ಲಿ ಸೋಲುವುದಕ್ಕೆ ಅದರೊಳಗಿನ ಚಿಹ್ನೆಗಳು ಕಾರಣ. ಡಾಟ್ ಎನ್ವ್ (.env) ಎಂಬ ಸಂರಚನಾ ಕಡತದಲ್ಲಿ # ಚಿಹ್ನೆಯಿಂದ ಮುಂದಿನದು ಟಿಪ್ಪಣಿಯಾಗಿ ಕತ್ತರಿಸಿಹೋಗಬಹುದು, $ ಚಿಹ್ನೆ ಬೇರೊಂದು ಮೌಲ್ಯವನ್ನು ಎಳೆದು ತರಬಹುದು. ಎಲ್ಲವನ್ನೂ ಒಂದೇ ಸಾಲಿನಲ್ಲಿ ವಿಳಾಸದಂತೆ ಬರೆಯುವ ಪದ್ಧತಿಯಲ್ಲಿ @ ಬಂದರೆ ಹೋಸ್ಟ್ ಅಲ್ಲಿಂದಲೇ ಆರಂಭವಾಯಿತೆಂದು ತಂತ್ರಾಂಶ ಭಾವಿಸುತ್ತದೆ. ಅದನ್ನು %40 ಎಂದು, # ಅನ್ನು %23 ಎಂದು ಬರೆಯಬೇಕು. ಎಕ್ಸ್‌ಎಂಎಲ್ ಕಡತದಲ್ಲಿ & ಮತ್ತು < ಚಿಹ್ನೆಗಳು ಕಡತವನ್ನೇ ಮುರಿಯುತ್ತವೆ. ಚಿಹ್ನೆಗಳ ಗೊಡವೆಯೇ ಬೇಡವೆಂದು 24 ಅಥವಾ ಹೆಚ್ಚು ಅಕ್ಷರ ಮತ್ತು ಅಂಕೆಗಳ ಯಾದೃಚ್ಛಿಕ ಪಾಸ್‌ವರ್ಡ್ ಇಡುವುದು ನನ್ನ ರೂಢಿ. ಉದ್ದದಿಂದ ಬರುವ ಭದ್ರತೆ ಚಿಹ್ನೆಯಿಂದ ಬರುವುದಕ್ಕಿಂತ ಕಡಿಮೆಯದೇನಲ್ಲ.

ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಕೋಹಾದಲ್ಲಿ ಕ್ರಮ ಸ್ವಲ್ಪ ಬೇರೆ. ಡೆಬಿಯನ್ ಪ್ಯಾಕೇಜಿನ ‘ಕೋಹಾ-ಕ್ರಿಯೇಟ್’ ಆದೇಶಕ್ಕೆ ‘ಕ್ರಿಯೇಟ್-ಡಿಬಿ’ ಆಯ್ಕೆ ಸೇರಿಸಿ ಓಡಿಸಿದರೆ ಡೇಟಾಬೇಸ್, ಬಳಕೆದಾರ ಮತ್ತು ಪಾಸ್‌ವರ್ಡ್ ತಾವಾಗಿ ಸೃಷ್ಟಿಯಾಗಿ ‘ಕೋಹಾ-ಕಾನ್ಫ್’ ಕಡತದಲ್ಲಿ ದಾಖಲಾಗುತ್ತವೆ. ಬ್ರೌಸರಿನ ಅಳವಡಿಕೆಯ ಪುಟ ಮೊದಲು ಕೇಳುವ ಹೆಸರು ಮತ್ತು ಪಾಸ್‌ವರ್ಡ್ ಗ್ರಂಥಪಾಲಕರದ್ದಲ್ಲ, ಈ ಡೇಟಾಬೇಸ್ ಬಳಕೆದಾರನದ್ದು. ‘ಕೋಹಾ-ಪಾಸ್‌ವಿಡಿ’ ಆದೇಶ ಆ ಪಾಸ್‌ವರ್ಡನ್ನು ತೋರಿಸುತ್ತದೆ.

ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್ ಬಳಸುವವರು ಎರಡು ಸಂಗತಿ ನೆನಪಿಡಬೇಕು. ಕಂಟೇನರಿನ ಒಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಹೊರತು ಸರ್ವರ್ ಅಲ್ಲ; ಹೋಸ್ಟ್ ಚೌಕದಲ್ಲಿ ಡೇಟಾಬೇಸ್ ಸೇವೆಗೆ ಕೊಟ್ಟ ಹೆಸರನ್ನು ಬರೆಯಬೇಕು. ಡೇಟಾಬೇಸ್ ಕಂಟೇನರಿಗೆ ಕೊಡುವ ಪಾಸ್‌ವರ್ಡ್ ಮುಂತಾದ ಮೌಲ್ಯಗಳು ಮೊದಲ ಸಲ, ದತ್ತಾಂಶದ ಕೋಶ ಖಾಲಿಯಿದ್ದಾಗ ಮಾತ್ರ ಅನ್ವಯವಾಗುತ್ತವೆ; ನಂತರ ಕಡತದಲ್ಲಿ ಬದಲಿಸಿದರೆ ಡೇಟಾಬೇಸಿನೊಳಗೆ ಏನೂ ಬದಲಾಗುವುದಿಲ್ಲ.

ಕನ್ನಡ ಅಕ್ಷರಗಳ ಪರೀಕ್ಷೆ

ಡೇಟಾಬೇಸಿಗೆ ಒಂದು ಅಕ್ಷರ ವ್ಯವಸ್ಥೆ ಇದೆ, ಟೇಬಲ್ಲಿಗೆ ಒಂದಿದೆ, ಸಂಪರ್ಕಕ್ಕೂ ಪ್ರತ್ಯೇಕವಾಗಿ ಒಂದಿದೆ. ಮೊದಲೆರಡು ಸರಿಯಿದ್ದು ಮೂರನೆಯದು ತಪ್ಪಿದ್ದರೆ ಕನ್ನಡ ಕೆಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ‘ಡಿಬಿ_ಚಾರ್‌ಸೆಟ್’, ಪಿಎಚ್‌ಪಿಯ ಪಿಡಿಒ ಸಂಪರ್ಕದ ಸಾಲಿನಲ್ಲಿ ‘ಚಾರ್‌ಸೆಟ್=ಯುಟಿಎಫ್8ಎಂಬಿ4’ ಎಂಬ ಭಾಗ ಈ ಮೂರನೆಯದಕ್ಕಾಗಿಯೇ ಇರುವುದು.

ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಯುಟಿಎಫ್8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಹಾಗಾಗಿ 3 ಬೈಟಿಗೆ ಸೀಮಿತವಾದ ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ವ್ಯವಸ್ಥೆಯಲ್ಲೂ ಕನ್ನಡ ಕೂರುತ್ತದೆ. ಆದರೆ ಹೋಮ್‌ಸ್ಟೇ ಅತಿಥಿಯೊಬ್ಬರು ಅಭಿಪ್ರಾಯದ ಕೊನೆಗೆ ಒಂದು ಎಮೋಜಿ ಹಾಕಿದರೆ ಅದಕ್ಕೆ 4 ಬೈಟ್ ಬೇಕು, ಆಗ 1366 ದೋಷ ಬರುತ್ತದೆ. ಎಂಬಿ4 ಆರಿಸುವುದಕ್ಕೆ ಇಷ್ಟು ಕಾರಣ ಸಾಕು. ಹಳೆಯ ಸರ್ವರಿನಲ್ಲಿ ಎಂಬಿ4 ಆರಿಸಿದಾಗ ಸೂಚಿಯ ಉದ್ದ ಹೆಚ್ಚಾಯಿತೆಂಬ 1071 ದೋಷ ಬಂದರೆ, ಅದು 767 ಬೈಟುಗಳ ಹಳೆಯ ಮಿತಿ. 4ರಿಂದ ಭಾಗಿಸಿದರೆ 191 ಅಕ್ಷರ. ಟೇಬಲ್ಲಿನ ಸಾಲಿನ ಸ್ವರೂಪ ‘ಡೈನಾಮಿಕ್’ ಆಗಿದ್ದರೆ ಮಿತಿ 3072 ಬೈಟಿಗೆ ಏರುತ್ತದೆ.

ಪರೀಕ್ಷೆಯ ವಿಧಾನ ಹೀಗಿದೆ. ತಂತ್ರಾಂಶದ ಪುಟದಿಂದಲೇ ‘ಕೊಡಗು’ ಎಂಬ ಪದವನ್ನು ಯಾವುದಾದರೂ ಹೆಸರಿನ ಅಂಕಣದಲ್ಲಿ ಉಳಿಸಬೇಕು. ಆಮೇಲೆ ಟರ್ಮಿನಲ್‌ನಿಂದ ಆ ಅಂಕಣದ ಮೇಲೆ ‘ಕ್ಯಾರ್_ಲೆಂಗ್ತ್’ ಮತ್ತು ‘ಲೆಂಗ್ತ್’ ಎಂಬ ಎರಡು ಫಂಕ್ಷನ್‌ಗಳನ್ನು ಓಡಿಸಬೇಕು. ಕ, ಒಕಾರದ ಚಿಹ್ನೆ, ಡ, ಗ, ಉಕಾರದ ಚಿಹ್ನೆ ಸೇರಿ 5 ಸಂಕೇತ, 15 ಬೈಟ್. ಉತ್ತರ 5 ಮತ್ತು 15 ಬರಬೇಕು. ಕ್ಯಾರ್_ಲೆಂಗ್ತ್ 15 ಎಂದು ಬಂದರೆ ಸಂಪರ್ಕದ ಅಕ್ಷರ ವ್ಯವಸ್ಥೆ ಲ್ಯಾಟಿನ್1 ಆಗಿದ್ದು, ಪ್ರತಿ ಬೈಟನ್ನೂ ಒಂದೊಂದು ಅಕ್ಷರವೆಂದು ಭಾವಿಸಿ ಉಳಿಸಲಾಗಿದೆ. ಕಣ್ಣಿಗೆ ಕಾಣುವುದನ್ನು ಬಿಟ್ಟು ಸಂಖ್ಯೆಯನ್ನು ನಂಬಲು ಹೇಳುವುದಕ್ಕೆ ಕಾರಣವಿದೆ: ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ನಡೆದರೆ ಎರಡು ತಪ್ಪುಗಳು ಪರಸ್ಪರ ರದ್ದಾಗಿ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತದೆ, ತಂತ್ರಾಂಶ ಬದಲಿಸಿದ ದಿನ ಬಣ್ಣ ಬಯಲಾಗುತ್ತದೆ. ಇನ್ನು ವಿಂಡೋಸಿನ ಕಪ್ಪು ಪರದೆಯಲ್ಲಿ ಸರಿಯಾಗಿರುವ ಕನ್ನಡವೂ ಚೌಕಗಳಾಗಿ ಕಾಣಬಹುದು.

ಬೈಟುಗಳು ವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಉಳಿದಿದ್ದರೆ ಸಾಮಾನ್ಯವಾಗಿ ಮರಳಿ ಪಡೆಯಬಹುದು. ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದಿದ್ದರೆ ಮೂಲ ಅಕ್ಷರ ಹೋಯಿತು, ಮತ್ತೆ ಟೈಪಿಸುವುದೊಂದೇ ಗತಿ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಸದಸ್ಯರ ಪಟ್ಟಿಯನ್ನು ಆಮದು ಮಾಡಿಕೊಳ್ಳುವುದಾದರೆ ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಸಂಪರ್ಕವನ್ನು ಹೇಗೆ ಹೊಂದಿಸಿದರೂ ಅದು ಸರಿಯಾಗುವ ವಿಷಯವಲ್ಲ.

ಶೆಡ್ಡಿನ ಗಣಕದಿಂದ ಸಂಪರ್ಕ

ಬ್ರೌಸರಿನಲ್ಲಿ ತೆರೆಯುವ ತಂತ್ರಾಂಶಕ್ಕೆ ಈ ಭಾಗ ಬೇಕಿಲ್ಲ. ಶೆಡ್ಡಿನ ಗಣಕ ಮಾತಾಡುವುದು ವೆಬ್ ಸರ್ವರಿನೊಡನೆ ಮಾತ್ರ. ಗಣಕದಲ್ಲೇ ಅಳವಡಿಸಿ ಡೇಟಾಬೇಸಿಗೆ ನೇರವಾಗಿ ಜೋಡಿಸುವ ತಂತ್ರಾಂಶವಾದರೆ ಮೂರು ಬಾಗಿಲುಗಳನ್ನು ತೆರೆಯಬೇಕಾಗುತ್ತದೆ. ಡೆಬಿಯನ್ನಿನ ‘50-ಸರ್ವರ್’ ಕಡತದಲ್ಲಿ ‘ಬೈಂಡ್-ಅಡ್ರೆಸ್’ 127.0.0.1 ಎಂದಿರುವುದನ್ನು ಸರ್ವರಿನ ಕಚೇರಿ ಜಾಲದ ವಿಳಾಸಕ್ಕೆ ಬದಲಿಸಿ ಸೇವೆಯನ್ನು ಮರುಪ್ರಾರಂಭಿಸಬೇಕು. ಹಾಗೆ ಬದಲಿಸಿದ ಮೇಲೆ ಸರ್ವರಿನೊಳಗಿಂದ 127.0.0.1ಕ್ಕೆ ಹೋಗುತ್ತಿದ್ದ ಸಂಪರ್ಕ ನಿಲ್ಲುತ್ತದೆ. ಅದು ಕೂಡ ಬೇಕಿದ್ದರೆ 0.0.0.0 ಎಂದು ಬರೆದು ರಕ್ಷಣೆಯನ್ನು ಫೈರ್‌ವಾಲಿಗೆ ಒಪ್ಪಿಸಬೇಕು. ಫೈರ್‌ವಾಲಿನಲ್ಲಿ 3306 ಪೋರ್ಟನ್ನು 192.168.1.0/24 ಜಾಲಕ್ಕೆ ಮಾತ್ರ ತೆರೆಯಬೇಕು. 'ಲೆಕ್ಕಿಗ'@'192.168.1.%' ಎಂಬ ಬಳಕೆದಾರನನ್ನು ಸೃಷ್ಟಿಸಬೇಕು. ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ 3306 ಅನ್ನು ಇಂಟರ್ನೆಟ್ಟಿಗೆ ತೆರೆಯುವುದು ಯಾವ ಕಾರಣಕ್ಕೂ ಕೂಡದು. ಬೆಂಗಳೂರಿನಲ್ಲಿರುವ ಲೆಕ್ಕಪರಿಶೋಧಕರಿಗೆ ಪ್ರವೇಶ ಬೇಕಿದ್ದರೆ ಎಸ್‌ಎಸ್‌ಎಚ್ ಸುರಂಗ (ಗೂಢಲಿಪಿಯಲ್ಲಿ ಸಾಗುವ ಸಂಪರ್ಕ) ಇದೆ: ಅವರ ಗಣಕದ 3307 ಪೋರ್ಟಿನಿಂದ ಸರ್ವರಿನ 3306ಕ್ಕೆ.

ಅಲ್ಮಾ ಲಿನಕ್ಸಿನಂಥ ವ್ಯವಸ್ಥೆಗಳಲ್ಲಿ ವೆಬ್ ಸರ್ವರ್ ಬೇರೆ ಗಣಕದ ಡೇಟಾಬೇಸಿಗೆ ಹೋಗುವುದನ್ನು ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆಯುತ್ತದೆ. ಟರ್ಮಿನಲ್ ಪರೀಕ್ಷೆ ಗೆದ್ದು ತಂತ್ರಾಂಶ ಮಾತ್ರ ಸೋತರೆ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್_ಡಿಬಿ’ ಎಂಬ ಸ್ವಿಚ್ಚನ್ನು ಆನ್ ಮಾಡಬೇಕು.

ವಿದ್ಯುತ್ ಹೋಗಿ ಬಂದ ಮೇಲೆ

ಅಳವಡಿಕೆಯ ದಿನ ಕೆಲಸ ಮಾಡಿದ ಸಂಪರ್ಕ ಮೊದಲ ಗಾಳಿಮಳೆಯ ನಂತರ ತಪ್ಪಿಹೋಗುವುದು ನಮ್ಮ ಕಡೆ ಹೊಸತಲ್ಲ. ಇದಕ್ಕೆ ಮುಖ್ಯ ಕಾರಣ ವಿಳಾಸ: ವಿದ್ಯುತ್ ಬಂದಾಗ ರೌಟರ್ ಸರ್ವರಿಗೆ 192.168.1.10ರ ಬದಲು ಬೇರೆ ವಿಳಾಸ ಕೊಡುತ್ತದೆ, ಶೆಡ್ಡಿನ ಗಣಕ ಹಳೆಯ ವಿಳಾಸವನ್ನೇ ಹುಡುಕುತ್ತದೆ. ರೌಟರಿನಲ್ಲಿ ಆ ಸರ್ವರಿಗೆಂದು ವಿಳಾಸವನ್ನು ಕಾಯ್ದಿರಿಸಬೇಕು. ಡೇಟಾಬೇಸ್ ಸೇವೆ ಗಣಕದೊಡನೆ ತಾನಾಗಿ ಆರಂಭವಾಗುವಂತೆ ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಆದೇಶವನ್ನೂ ಕೊಟ್ಟಿರಬೇಕು. ಏಕಾಏಕಿ ವಿದ್ಯುತ್ ಹೋದಾಗ ಇನ್ನೋಡಿಬಿ (ಡೇಟಾಬೇಸಿನೊಳಗೆ ದತ್ತಾಂಶ ಉಳಿಸುವ ಭಾಗ) ಮರಳಿ ಏಳುವಾಗ ತನ್ನ ಲಾಗ್ ನೋಡಿ ದತ್ತಾಂಶವನ್ನು ಸರಿಪಡಿಸಿಕೊಳ್ಳುತ್ತದೆ. ಅಷ್ಟರವರೆಗೆ ಸಂಪರ್ಕ ಸಿಗುವುದಿಲ್ಲ. ಆಗ ಗಾಬರಿಯಿಂದ ಸೇವೆಯನ್ನು ಮತ್ತೆ ಮತ್ತೆ ನಿಲ್ಲಿಸಿ ಆರಂಭಿಸುವುದು ಆ ಕೆಲಸಕ್ಕೇ ಅಡ್ಡಿ ಮಾಡುತ್ತದೆ. ತಂತ್ರಾಂಶವೇ ಒಂದು ಸೇವೆಯಾಗಿ ಓಡುವುದಾದರೆ ಅದರ ಘಟಕ ಕಡತದಲ್ಲಿ ‘ಆಫ್ಟರ್’ ಎಂಬ ಸಾಲಿನಲ್ಲಿ ಡೇಟಾಬೇಸ್ ಸೇವೆಯ ಹೆಸರು ಸೇರಿಸಬೇಕು.

ರಾತ್ರಿಯಿಡೀ ತೆರೆದಿಟ್ಟ ತಂತ್ರಾಂಶ ಬೆಳಿಗ್ಗೆ 2006 ದೋಷ ತೋರಿಸಿದರೆ ಅದು ಮಳೆಯ ತಪ್ಪಲ್ಲ. ‘ವೇಟ್_ಟೈಮ್‌ಔಟ್’ ಪೂರ್ವನಿಯೋಜಿತವಾಗಿ 28800 ಸೆಕೆಂಡ್, ಅಂದರೆ 8 ಗಂಟೆ. ಅಷ್ಟು ಹೊತ್ತು ಸುಮ್ಮನಿದ್ದ ಸಂಪರ್ಕವನ್ನು ಸರ್ವರ್ ಕಡಿದುಹಾಕುತ್ತದೆ. ಸಮಯವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ಹೊಂದಿಸಿದಾಗ 1298 ದೋಷ ಬಂದರೆ ಸರ್ವರಿನಲ್ಲಿ ಸಮಯವಲಯದ ಟೇಬಲ್‌ಗಳನ್ನು ತುಂಬಿಲ್ಲ. ‘+05:30’ ಎಂದು ಬರೆದರೆ ಅವಿಲ್ಲದೆಯೂ ನಡೆಯುತ್ತದೆ.

ಅಳವಡಿಕೆ ಮುಗಿದ ಮೇಲೆ ಅಳವಡಿಕೆಯ ಕೋಶವನ್ನು ಅಳಿಸಿ, ಸಂರಚನಾ ಕಡತದ ಅನುಮತಿಯನ್ನು 640ಕ್ಕೆ ಇಳಿಸಿ, ಅದರ ಗುಂಪನ್ನು ವೆಬ್ ಸರ್ವರಿನದ್ದಾಗಿಸಬೇಕು. ಆಮೇಲೆ ಸರ್ವರನ್ನು ಒಮ್ಮೆ ಪೂರ್ತಿ ಆರಿಸಿ, ರೌಟರನ್ನೂ ಆರಿಸಿ, ಎರಡನ್ನೂ ಹಚ್ಚಿ, ಯಾರೂ ಏನನ್ನೂ ಮುಟ್ಟದೆಯೇ ಶೆಡ್ಡಿನ ಗಣಕದಲ್ಲಿ ಲೆಕ್ಕದ ಪುಟ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆಯದಿದ್ದರೆ ಮೇಲೆ ಹೇಳಿದ ದೋಷಸಂಖ್ಯೆಗಳಿಂದ ಮತ್ತೆ ಆರಂಭಿಸಬಹುದು. ಈ ಪರೀಕ್ಷೆಯನ್ನು ಜೂನ್‌ಗೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.